ಪುಟ್ಟ ವಿಮಾನದ ಸೇವಕನಿಗೆ ಪಾಠ ಹೇಳುವ ಕ್ರಮ

ರೇಡಿಯೊ ಅಲೆಗಳ ಮೂಲಕ ನೆಲದಿಂದಲೇ ನಡೆಸತಕ್ಕ ಮಾದರಿ ವಿಮಾನಗಳನ್ನು ಕಂಡವರು ಅವುಗಳನ್ನು ಆಟದ ಸಾಮಾನುಗಳ ಸಾಲಿಗೆ ಸೇರಿಸಿಬಿಡುವುದು ವಾಡಿಕೆ. ಲೆಕ್ಕ ಹಾಕಿ ನೋಡಿದರೆ ಆ ಮಾತು ನಿಲ್ಲುವುದಿಲ್ಲ. 5 ಕಿಲೋಗ್ರಾಂ ತೂಕದ ಮಾದರಿಯೊಂದು ಗಂಟೆಗೆ 72 ಕಿಲೋಮೀಟರ್, ಎಂದರೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹಾರುತ್ತಿರುವಾಗ ಅದರಲ್ಲಿ ಅಡಗಿರುವ ಚಲನಶಕ್ತಿ 1000 ಜೌಲ್. ಅಷ್ಟೇ ತೂಕದ ಕಲ್ಲನ್ನು ಸುಮಾರು 20 ಮೀಟರ್ ಎತ್ತರದಿಂದ, ಆರಂತಸ್ತಿನ ಕಟ್ಟಡದ ಮೇಲಿನಿಂದ ಎಂದೇ ಹೇಳೋಣ, ಕೆಳಕ್ಕೆ ಬಿಟ್ಟರೆ ಅದು ನೆಲ ಮುಟ್ಟುವಾಗ ಪಡೆದಿರುವ ಶಕ್ತಿಯೂ ಇಷ್ಟೇ. ಮೈದಾನದ ಅಂಚಿನಲ್ಲಿ ಮಕ್ಕಳು ನಿಂತು ನೋಡುತ್ತಿರುವಾಗ ಈ ಶಕ್ತಿಯನ್ನು ಅಂಕೆಯಲ್ಲಿಟ್ಟಿರುವವು ಹೆಚ್ಚು ಕಡಮೆ ಬೆಂಕಿಪೆಟ್ಟಿಗೆಯಷ್ಟೇ ಗಾತ್ರದ ನಾಲ್ಕೈದು ಯಂತ್ರಗಳು. ಅವುಗಳಿಗೆ ಸರ್ವೊ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಸೇವಕನೆಂಬರ್ಥದ ಶಬ್ದದಿಂದ ಈ ಹೆಸರು ಹುಟ್ಟಿತು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಎಂಜಿನಿಯರಿಂಗ್ ಕಾಲೇಜು ಸೇರಿದವರುಂಟು, ಎನ್.ಸಿ.ಸಿ. ವಾಯುದಳದಲ್ಲಿದ್ದು ಮಾದರಿ ವಿಮಾನಗಳ ವಿದ್ಯೆಗೆ ಕೈಹಾಕಿದವರೂ ಉಂಟು. ಅವರ ತಾಯಿತಂದೆಗಳು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಹೆಚ್ಚು ಬೆಲೆಯ ಡಿಜಿಟಲ್ ಸರ್ವೊವನ್ನು ಕೊಂಡುಕೊಟ್ಟರೆ ವಿಮಾನ ಚೆನ್ನಾಗಿ ಹಾರುವುದೆ? ಪ್ರಕೃತ ಲೇಖನದಲ್ಲಿ ಆ ಪ್ರಶ್ನೆಗೆ ಉತ್ತರವನ್ನು ಹೇಳಲು ಪ್ರಯತ್ನಿಸಿದೆ. ಮೊದಲೇ ಸೂಚಿಸುವುದಾದರೆ, ಆ ಸರ್ವೊವಿಗೆ ಗಣಕಯಂತ್ರದ ಮೂಲಕ ಪಾಠ ಹೇಳಬಹುದು. ಆದರೆ ಕೈಯಿಂದ ಮಾಡತಕ್ಕ ಕೆಲಸವನ್ನು ಮಾಡದೆ ಹೇಳಿದ ಪಾಠ ತಪ್ಪನ್ನು ಮುಚ್ಚುವುದೇ ಹೊರತು ತಿದ್ದುವುದಿಲ್ಲ.

ಸರ್ವೊವಿನ ಒಳಗೆ ಇರುವುದು ಒಂದು ಸಣ್ಣ ಮೋಟಾರು, ಅದರ ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುವ ಹಲ್ಲುಚಕ್ರಗಳ ಸಾಲು, ಹೊರಗಣ ತೋಳು ಈಗ ಎಲ್ಲಿದೆಯೆಂದು ತಿಳಿಸುವ ಪೊಟೆನ್ಷಿಯೊಮೀಟರ್, ಮತ್ತು ಇವನ್ನೆಲ್ಲ ಆಳುವ ವಿದ್ಯುನ್ಮಂಡಲ. ತೋಳಿನಿಂದ ಹೊರಟ ಕಡ್ಡಿಯೊಂದು ವಿಮಾನದ ರೆಕ್ಕೆಯ ಏಲೆರಾನನ್ನೋ ಬಾಲದ ಎಲಿವೇಟರನ್ನೋ ರಡ್ಡರನ್ನೋ ತಳ್ಳಿ ಎಳೆಯುತ್ತದೆ. ವಿಮಾನದಲ್ಲಿರುವ ರಿಸೀವರಿನಿಂದ ಸರ್ವೊವಿಗೆ ಮೂರು ತಂತಿಗಳು ಬರುತ್ತವೆ. ಎರಡು ವಿದ್ಯುತ್ತಿಗೆ, ಒಂದು ಅಪ್ಪಣೆಗೆ. ಅಪ್ಪಣೆಯ ತಂತಿಯಲ್ಲಿ ಸೆಕೆಂಡಿಗೆ ಸುಮಾರು 50 ಸಲ ಚಿಕ್ಕದೊಂದು ಸ್ಪಂದ ಬರುತ್ತದೆ. ಅದು 1.5 ಮಿಲಿಸೆಕೆಂಡು ಇದ್ದರೆ ತೋಳು ನಡುವೆ ನಿಲ್ಲಬೇಕು. 1 ಮಿಲಿಸೆಕೆಂಡಾದರೆ ಒಂದು ಕೊನೆಗೆ, 2 ಆದರೆ ಇನ್ನೊಂದು ಕೊನೆಗೆ ಹೋಗಬೇಕು. ಶಾಲೆಯ ಗಂಟೆಯನ್ನು ಎಷ್ಟು ಗಟ್ಟಿಯಾಗಿ ಬಾರಿಸಿದರೆಂಬುದಲ್ಲ, ಎಷ್ಟು ಹೊತ್ತು ಬಾರಿಸಿದರೆಂಬುದೇ ಮಕ್ಕಳಿಗೆ ಮುಖ್ಯವಾಗಿರುವಂತೆ, ಇಲ್ಲಿಯೂ ಸ್ಪಂದದ ಕಾಲಾವಧಿಯೇ ಆಜ್ಞೆ.

ಈ ವಿದ್ಯೆಯ ಆರಂಭಕಾಲದಲ್ಲಿ ಇಷ್ಟು ಸೂಕ್ಷ್ಮತೆ ಇರಲಿಲ್ಲ. ತಿರುಚಿದ ರಬ್ಬರ್ ಪಟ್ಟಿಯ ಬಲದಿಂದ ನಡೆಯುತ್ತಿದ್ದ ಎಸ್ಕೇಪ್‌ಮೆಂಟ್ ಎಂಬ ಸಾಧನವು ರಡ್ಡರನ್ನು ಪೂರ್ತಿ ಎಡಕ್ಕೆ, ಇಲ್ಲವೆ ನಡುವಿಗೆ, ಇಲ್ಲವೆ ಪೂರ್ತಿ ಬಲಕ್ಕೆ ಒಯ್ಯುತ್ತಿತ್ತು. ‘ಸ್ವಲ್ಪ ಎಡಕ್ಕೆ’ ಎಂಬ ಆಜ್ಞೆಯೇ ಅಂದು ಅಸಾಧ್ಯ.

ಇನ್ನು ಹಳೆಯ ಅನಲಾಗ್ ಸರ್ವೊವಿಗೂ ಡಿಜಿಟಲ್ ಸರ್ವೊವಿಗೂ ಇರುವ ಭೇದ. ಬಿರುಗಾಳಿಗೆ ಬಾಗಿಲನ್ನು ಒತ್ತಿ ಹಿಡಿಯುವಾಕೆ ಆಗಾಗ ಮಾತ್ರ ಕೈಕೊಟ್ಟರೆ, ಎರಡು ಒತ್ತುಗಳ ನಡುವೆ ಬಾಗಿಲು ತುಸು ಹಿಂದೆ ಬರುತ್ತದೆ. ಅನಲಾಗ್ ಸರ್ವೊವಿನ ಮೋಟಾರಿಗೆ ಸೆಕೆಂಡಿಗೆ 50 ಸಲ ಮಾತ್ರ ವಿದ್ಯುತ್ತಿನ ನೂಕು ಸಿಗುತ್ತದೆ. 20 ಮಿಲಿಸೆಕೆಂಡು ಅಲ್ಪಕಾಲವೆಂದು ತೋರಬಹುದು. ಆದರೆ ಮೇಲೆ ಹೇಳಿದ ವಿಮಾನ ಅಷ್ಟರಲ್ಲಿ 40 ಸೆಂಟಿಮೀಟರ್ ಸಾಗಿರುತ್ತದೆ. ಡಿಜಿಟಲ್ ಸರ್ವೊವಿನಲ್ಲಿ ಸಣ್ಣದೊಂದು ಮೈಕ್ರೊಪ್ರೊಸೆಸರ್ ಇದ್ದು, ಸೆಕೆಂಡಿಗೆ ಸುಮಾರು 300 ಸಲ ಮೋಟಾರಿಗೆ ನೂಕು ಕೊಡುತ್ತದೆ. ಆದುದರಿಂದ ತೋಳು ಗಾಳಿಯ ಒತ್ತಡಕ್ಕೆ ಬೇಗನೆ ಸಡಿಲಿಸದು, ಅತಿ ಸಣ್ಣ ಆಜ್ಞೆಯನ್ನೂ ಪಾಲಿಸುತ್ತದೆ. ನಿಂತಲ್ಲಿಯೇ ಜೇನುನೊಣದಂತೆ ಗುಂಯ್ಗುಡುವುದು ಇದರ ಸ್ವಭಾವ, ರೋಗವಲ್ಲ. ಆದರೆ ಬ್ಯಾಟರಿಯ ವಿದ್ಯುತ್ತನ್ನು ಇದು ಹೆಚ್ಚು ಕುಡಿಯುತ್ತದೆ. ಇದನ್ನು ಮರೆತವರ ವಿಮಾನದಲ್ಲಿ ನಾಲ್ಕಾರು ಸರ್ವೊಗಳು ಒಮ್ಮೆಲೇ ದುಡಿದಾಗ ವೋಲ್ಟೇಜು ಕುಸಿದು, ರಿಸೀವರು ಕ್ಷಣಕಾಲ ಮೂರ್ಛೆಹೋಗಿ, ಮತ್ತೆ ಎಚ್ಚರಗೊಳ್ಳುವುದರೊಳಗಾಗಿ ನೆಲ ಹತ್ತಿರವಾಗಿರುತ್ತದೆ.

ಡಿಜಿಟಲ್ ಎಂದು ಮೇಲೆ ಅಚ್ಚುಹಾಕಿದ ಎಲ್ಲ ಸರ್ವೊಗಳಿಗೂ ಪಾಠ ಹೇಳಲಾಗದು. ತಯಾರಿಸಿದವರು ಅದಕ್ಕೆಂದು ದಾರಿ ಬಿಟ್ಟಿರಬೇಕು. ಉದಾಹರಣೆಗೆ ಹೈಟೆಕ್ ಸಂಸ್ಥೆಯವರು ಡಿಪಿಸಿ-11 ಎಂಬ ಸಣ್ಣ ಪೆಟ್ಟಿಗೆಯನ್ನು ಮಾಡಿದರು. ಅದರ ಒಂದು ಕಡೆ ಯುಎಸ್‌ಬಿ ತಂತಿಯಿಂದ ಗಣಕಯಂತ್ರಕ್ಕೂ ಇನ್ನೊಂದು ಕಡೆ ಸರ್ವೊವಿಗೂ ಸೇರುತ್ತದೆ. ಒಂದು ಸಂಸ್ಥೆಯ ಪೆಟ್ಟಿಗೆ ಇನ್ನೊಂದು ಸಂಸ್ಥೆಯ ಸರ್ವೊವಿಗೆ ಸಾಮಾನ್ಯವಾಗಿ ಒದಗುವುದಿಲ್ಲವಾದಕಾರಣ ಕೊಳ್ಳುವ ಮುಂಚೆ ವಿಚಾರಿಸುವುದು ಲೇಸು. ಹೇಳಿದ ಪಾಠ ಸರ್ವೊವಿನ ನೆನಪಿನಲ್ಲಿ ನಿಲ್ಲುತ್ತದೆ; ಕೈಯಲ್ಲಿ ಹಿಡಿಯುವ ಟ್ರಾನ್ಸ್‌ಮಿಟರಿನಲ್ಲಿ ಅಲ್ಲ. ವಿದ್ಯುತ್ತನ್ನು ನಿಲ್ಲಿಸಿದರೂ ಅದು ಅಳಿಯದು. ಆ ಸರ್ವೊವನ್ನು ಬಿಚ್ಚಿ ಬೇರೊಂದು ವಿಮಾನಕ್ಕೆ ಹಾಕಿದರೆ ಹಳೆಯ ಪಾಠವೂ ಅದರೊಡನೆ ಹೋಗುತ್ತದೆ. ಅನೇಕರು ಇಲ್ಲಿಯೇ ಎಡವುತ್ತಾರೆ.

ಪಾಠಕ್ಕೆ ಮೊದಲು ಕೈಕೆಲಸ. ಸರ್ವೊವಿನ ದಂಡದ ಮೇಲೆ ಸಣ್ಣ ಹಲ್ಲುಗಳಿದ್ದು ತೋಳು ಅವುಗಳ ಮೇಲೆ ಕೂರುತ್ತದೆ. ಫುಟಾಬ ಸಂಸ್ಥೆಯ ರೂಢಿಯಲ್ಲಿ ಈ ಹಲ್ಲುಗಳು 25. ಹೈಟೆಕ್ ಸಂಸ್ಥೆಯ ಹಳೆಯ ರೂಢಿಯಲ್ಲಿ 24. ಸರ್ವೊ ನಡುವಿನಲ್ಲಿ ನಿಂತಾಗ ತೋಳು ಕಡ್ಡಿಗೆ ಸರಿಯಾಗಿ ಲಂಬವಾಗಿರಬೇಕು. ಹಾಗೆ ಇಲ್ಲದಿದ್ದರೆ ಒಂದು ಹಲ್ಲು ಆಚೆಗೋ ಈಚೆಗೋ ಕೂರಿಸಬಹುದು. ಆದರೆ 360 ಡಿಗ್ರಿಯನ್ನು 25ರಿಂದ ಭಾಗಿಸಿದರೆ ಹಲ್ಲಿಗೆ 14.4 ಡಿಗ್ರಿ ಬರುವುದರಿಂದ, ಎಷ್ಟು ಜಾಣತನದಿಂದ ಕೂರಿಸಿದರೂ 7.2 ಡಿಗ್ರಿಯವರೆಗೆ ಓರೆ ಉಳಿಯಬಹುದು. ಇಲ್ಲಿ ಒಂದು ಚಮತ್ಕಾರವಿದೆ. ಒಂಟಿ ತೋಳಿಗೆ ಬದಲಾಗಿ ಶಿಲುಬೆಯಾಕಾರದ ನಾಲ್ಕು ತೋಳಿನ ತುಂಡನ್ನು ತೆಗೆದುಕೊಳ್ಳಿರಿ. 90 ಡಿಗ್ರಿಯನ್ನು 14.4ರಿಂದ ಭಾಗಿಸಿದರೆ ಆರೂಕಾಲು ಹಲ್ಲು. ಆ ಕಾಲು ಹಲ್ಲಿನ ದೆಸೆಯಿಂದ ನಾಲ್ಕು ತೋಳುಗಳೂ ಒಂದಕ್ಕಿಂತ ಒಂದು 3.6 ಡಿಗ್ರಿ ಬೇರೆಯಾಗಿ ಕೂರುತ್ತವೆ. ಅವುಗಳಲ್ಲಿ ಲಂಬಕ್ಕೆ ಅತಿ ಸಮೀಪವಾದುದನ್ನು ಉಳಿಸಿಕೊಂಡು ಮಿಕ್ಕ ಮೂರನ್ನು ಕತ್ತರಿಸಿಬಿಟ್ಟರೆ ಓರೆ 1.8 ಡಿಗ್ರಿಯನ್ನು ಮೀರದು. 24 ಹಲ್ಲಿನ ದಂಡಕ್ಕೆ ಈ ಉಪಾಯ ನಡೆಯದು. ಅಲ್ಲಿ 90 ಡಿಗ್ರಿಗೆ ಸರಿಯಾಗಿ 6 ಹಲ್ಲು. ಗಣಿತ ಯಾವ ಪ್ರಯೋಜನಕ್ಕೆ ಎಂದು ಕೇಳುವ ಹುಡುಗಿಯರಿಗೆ ನಾನು ಈ ಲೆಕ್ಕವನ್ನೇ ತೋರಿಸಲು ಇಷ್ಟಪಡುತ್ತೇನೆ.

ಉಳಿದ ಓರೆಯನ್ನು ಲೆಕ್ಕಿಸದೆ, ಕಡ್ಡಿಯನ್ನು ಉದ್ದ ಅಥವಾ ಗಿಡ್ಡ ಮಾಡಿ ಏಲೆರಾನನ್ನು ಸಮಕ್ಕೆ ತಂದುಕೊಂಡರೆ ಸಾಲದೆ ಎಂದು ಕೇಳಬಹುದು. ತೋಳಿನ ಉದ್ದ 20 ಮಿಲಿಮೀಟರ್, ತಿರುಗುವುದು ಎರಡು ಕಡೆಗೂ 45 ಡಿಗ್ರಿ ಎಂದಿಟ್ಟುಕೊಳ್ಳಿರಿ. ತೋಳು ಲಂಬವಾಗಿದ್ದರೆ ಕಡ್ಡಿ ಎರಡು ಕಡೆಗೂ 14.1 ಮಿಲಿಮೀಟರ್ ಸರಿಯುತ್ತದೆ. ಅದು 7.2 ಡಿಗ್ರಿ ಓರೆಯಾಗಿದ್ದರೆ ಒಂದು ಕಡೆಗೆ 13.3, ಇನ್ನೊಂದು ಕಡೆಗೆ 14.8. ವಿಮಾನ ಎಡಕ್ಕೆ ಹೊರಳಿದಂತೆ ಬಲಕ್ಕೆ ಹೊರಳದು. ಹಾರಿಸುವಾಕೆ ತನ್ನ ಕೈಯನ್ನೇ ದೂರಿಕೊಳ್ಳುತ್ತಾಳೆ, ದೋಷವಿರುವುದು ತೋಳಿನಲ್ಲಿ. ಗ್ರಾಫ್ ಕಾಗದದ ಮೇಲೆ ಕೈವಾರದಿಂದ ಎಳೆದು ನೋಡಿದರೆ ಇದು ಸ್ಪಷ್ಟವಾಗುವುದು.

ಈಗ ಪಾಠದ ಪಾಲು ಎಷ್ಟು ಉಳಿಯಿತು ನೋಡಿರಿ. 1000 ಮೈಕ್ರೊಸೆಕೆಂಡಿಗೆ ತೋಳು 90 ಡಿಗ್ರಿ ತಿರುಗುವ ಸರ್ವೊವಿನಲ್ಲಿ ಒಂದು ಡಿಗ್ರಿಗೆ ಸುಮಾರು 11 ಮೈಕ್ರೊಸೆಕೆಂಡು. 1.8 ಡಿಗ್ರಿಗೆ 20. ಗಣಕಯಂತ್ರದಲ್ಲಿ ನಡುಬಿಂದುವನ್ನು ಅಷ್ಟು ಮಾತ್ರ ಸರಿಸಿದರೆ ತೋಳು ಲಂಬವಾಗುತ್ತದೆ. ಕೈಕೆಲಸವನ್ನು ಬಿಟ್ಟು 80 ಮೈಕ್ರೊಸೆಕೆಂಡನ್ನು ಪಾಠದಿಂದಲೇ ಸರಿಸಿದವರು ಒಂದು ಕಡೆಯ ಚಲನೆಯಲ್ಲಿ ಅಷ್ಟನ್ನು ಕಳೆದುಕೊಳ್ಳುವ ಸಂಭವವುಂಟು.

ಕೊನೆಬಿಂದುಗಳ ವಿಷಯದಲ್ಲಿಯೂ ಇದೇ ವಿವೇಕ ಬೇಕು. ಏಲೆರಾನು ಬೇಕಾದುದಕ್ಕಿಂತ ಎರಡರಷ್ಟು ಆಡುತ್ತಿದ್ದರೆ ಗಣಕಯಂತ್ರದಲ್ಲಿ ಚಲನೆಯನ್ನು ಅರ್ಧಕ್ಕಿಳಿಸುವುದು ಸುಲಭ. ಆದರೆ ಅದು ದುಂದುಗಾರಿಕೆ. 10 ಕಿಲೋಗ್ರಾಂ-ಸೆಂಟಿಮೀಟರ್ ಬಲದ ಸರ್ವೊ 2 ಸೆಂಟಿಮೀಟರ್ ದೂರದ ತೂತಿನಲ್ಲಿ 5 ಕಿಲೋಗ್ರಾಮಿನಷ್ಟು ಎಳೆಯುತ್ತದೆ. ಕಡ್ಡಿಯನ್ನು 1 ಸೆಂಟಿಮೀಟರಿನ ಒಳತೂತಿಗೆ ಹಾಕಿದರೆ 10 ಕಿಲೋಗ್ರಾಮಿನಷ್ಟು. ಚಲನೆ ಅರ್ಧವಾಯಿತು, ಬಲ ಇಮ್ಮಡಿಯಾಯಿತು, ಸೂಕ್ಷ್ಮತೆಯೂ ಹೆಚ್ಚಿತು. ಏತದ ಮರದ ನ್ಯಾಯವೇ ಇದು. ತೂತನ್ನು ಬದಲಿಸಲು ಬೇಕಾದುದು ಒಂದು ಇಕ್ಕಳ ಮಾತ್ರ.

ಹಾಗಾದರೆ ಪಾಠದಿಂದಲೇ ಆಗತಕ್ಕ ಕೆಲಸಗಳು ಯಾವುವು? ವೇಗವನ್ನು ತಗ್ಗಿಸುವುದು ಒಂದು. ಇಳಿಯುವ ಮುನ್ನ ರೆಕ್ಕೆಯ ಫ್ಲಾಪುಗಳನ್ನು ಥಟ್ಟನೆ ಇಳಿಸಿದರೆ ಅನೇಕ ವಿಮಾನಗಳು ಮೂಗನ್ನು ಮೇಲಕ್ಕೆತ್ತುತ್ತವೆ. ಎರಡು ಮೂರು ಸೆಕೆಂಡುಗಳಲ್ಲಿ ಮೆಲ್ಲನೆ ಇಳಿಯುವಂತೆ ಸರ್ವೊವಿಗೆ ಹೇಳಿದರೆ ಆ ಗಾಬರಿ ತಪ್ಪುತ್ತದೆ. ಸರ್ವೊವಿನ ಹುಟ್ಟುವೇಗವನ್ನು ಮೀರಿಸಲು ಮಾತ್ರ ಯಾವ ಪಾಠದಿಂದಲೂ ಆಗದು. ಇನ್ನೊಂದು, ತಿರುಗುವ ದಿಕ್ಕನ್ನು ಬದಲಿಸುವುದು. ಎಡಬಲ ಫ್ಲಾಪುಗಳ ಸರ್ವೊಗಳನ್ನು ಕನ್ನಡಿಯ ಬಿಂಬದಂತೆ ಎದುರುಬದುರಾಗಿ ಕೂರಿಸಿ, ಕವಲು ತಂತಿಯಿಂದ ಒಂದೇ ಅಪ್ಪಣೆಗೆ ಸೇರಿಸಿದಾಗ, ಒಂದು ಇಳಿದರೆ ಇನ್ನೊಂದು ಏರುತ್ತದೆ. ಒಂದಕ್ಕೆ ದಿಕ್ಕು ಬದಲಿಸಿ ಹೇಳಿದರೆ ಎರಡೂ ಜೊತೆಯಾಗಿ ಇಳಿಯುವವು. ದಿಕ್ಕು ಬದಲಿಸಿದ ಮೇಲೆ ನಡುಬಿಂದುವನ್ನು ಮರಳಿ ಪರೀಕ್ಷಿಸತಕ್ಕದ್ದು.

ಡೆಡ್‌ಬ್ಯಾಂಡ್ ಎಂಬುದು ಸರ್ವೊ ಲೆಕ್ಕಕ್ಕೆ ತೆಗೆದುಕೊಳ್ಳದ ಅಲ್ಪ ವ್ಯತ್ಯಾಸ. ಅದನ್ನು 2 ಮೈಕ್ರೊಸೆಕೆಂಡಿಗೆ ಇಟ್ಟರೆ ಮೇಲಿನ ಲೆಕ್ಕದಲ್ಲಿ 0.2 ಡಿಗ್ರಿಗಿಂತ ಕಡಮೆ ತಪ್ಪು. ಎಷ್ಟು ಕಡಮೆಯೋ ಅಷ್ಟು ಒಳ್ಳೆಯದೆಂದು ಹೊಸಬರು ತಿಳಿಯುತ್ತಾರೆ. ಹಾಗಲ್ಲ. ಜೋಡಣೆಯಲ್ಲಿ ಸಡಿಲವಿದ್ದರೆ, ಅಥವಾ ಎರಡು ಸರ್ವೊಗಳು ಒಂದನ್ನೇ ಎಳೆಯುತ್ತಿದ್ದರೆ, ಅತಿ ಕಿರಿದಾದ ಡೆಡ್‌ಬ್ಯಾಂಡಿನ ಸರ್ವೊ ಆಚೀಚೆ ತಡಕಾಡುತ್ತ ಬಿಸಿಯಾಗುತ್ತದೆ.

ಓವರ್‌ಲೋಡ್ ರಕ್ಷಣೆ ಎಂಬ ಇನ್ನೊಂದು ಪಾಠವುಂಟು. ತೋಳು ಎಲ್ಲಿಯಾದರೂ ಸಿಕ್ಕಿಕೊಂಡಾಗ ಸರ್ವೊ ತನ್ನ ಬಲವನ್ನು ತಾನೇ ತಗ್ಗಿಸಿ ಸುಟ್ಟುಹೋಗದಂತೆ ಉಳಿಯುತ್ತದೆ. ಚಕ್ರಗಳನ್ನು ಮಡಚುವ ಸರ್ವೊವಿಗೆ ಇದು ಹಿತ. ಎಲಿವೇಟರಿಗೆ ಇದನ್ನು ಇಡುವ ಮುಂಚೆ ಎರಡು ಸಲ ಯೋಚಿಸಬೇಕೆಂದು ನನ್ನ ಅಭಿಪ್ರಾಯ. ವಿಮಾನ ನೆಲಕ್ಕೆ ಧಾವಿಸುತ್ತಿರುವಾಗ ಮೇಲಕ್ಕೆಳೆಯಬೇಕಾದ ಸೇವಕನು ಭಾರ ಹೆಚ್ಚಾಯಿತೆಂದು ಕೈ ಸಡಿಲಿಸುವುದಕ್ಕಿಂತ, ಕೆಲಸ ಮುಗಿಸಿ ಸುಟ್ಟುಹೋಗುವುದೇ ಮೇಲು. ಸರ್ವೊವಿನ ಬೆಲೆ ಎಷ್ಟು, ಅಂಚಿನಲ್ಲಿ ನಿಂತಿರುವವರ ಬೆಲೆ ಎಷ್ಟು?

ಡಿಜಿಟಲ್ ಸರ್ವೊವಿನ ನಿಜವಾದ ಉಪಯೋಗ ಕಾಣುವುದು ದೊಡ್ಡ ಮಾದರಿಗಳಲ್ಲಿ, ಒಂದೇ ಏಲೆರಾನನ್ನು ಎರಡು ಸರ್ವೊಗಳು ಎಳೆಯುವ ಕಡೆ. ಒಂದು ನೊಗಕ್ಕೆ ಕಟ್ಟಿದ ಎರಡು ಎತ್ತುಗಳ ಪಾಡು ಇವುಗಳದು. ಒಂದು ಮುಂದಾಗಿ ಇನ್ನೊಂದು ಹಿಂದಾದರೆ ಗಾಡಿ ಸಾಗುವುದಕ್ಕಿಂತ ನೊಗ ಮುರಿಯುವುದೇ ಬೇಗ. ಒಂದೇ ಕಾರ್ಖಾನೆಯಿಂದ ಒಂದೇ ದಿನ ಬಂದ ಎರಡು ಸರ್ವೊಗಳೂ ಕೂದಲೆಳೆಯಷ್ಟು ಬೇರೆಯಾಗಿರುತ್ತವೆ. ಆ ವ್ಯತ್ಯಾಸದಲ್ಲಿ ಅವು ಒಂದನ್ನೊಂದು ತಳ್ಳಾಡುತ್ತ, ಹೊರಗೆ ಯಾವ ಗುರುತೂ ಕಾಣದಂತೆ ಬ್ಯಾಟರಿಯನ್ನು ಬರಿದುಮಾಡುತ್ತವೆ, ಹಲ್ಲುಗಳನ್ನು ಸವೆಸುತ್ತವೆ. ಇವುಗಳನ್ನು ಒಂದಾಗಿಸುವ ಕ್ರಮ ಹೀಗೆ. ಮೊದಲನೆಯ ಸರ್ವೊವನ್ನು ಮಾತ್ರ ಏಲೆರಾನಿಗೆ ಜೋಡಿಸಿ ಸರಿಪಡಿಸಿ, ಅದನ್ನು ಮತ್ತೆ ಮುಟ್ಟಬೇಡಿರಿ. ಎರಡನೆಯದರ ಕಡ್ಡಿಯನ್ನು ಏಲೆರಾನಿನ ಕಡೆಯಲ್ಲಿ ಬಿಡಿಸಿಟ್ಟಿರಿ. ಟ್ರಾನ್ಸ್‌ಮಿಟರಿನ ಕೋಲನ್ನು ನಡುವೆ ನಿಲ್ಲಿಸಿ, ಕಡ್ಡಿಯ ತುದಿಯ ಮೊಳೆಯನ್ನು ತೂತಿನ ಎದುರಿಗೆ ಹಿಡಿಯಿರಿ. ತಳ್ಳದೆ, ಎಳೆಯದೆ, ತಾನಾಗಿ ಒಳಕ್ಕೆ ಜಾರಬೇಕು. ಜಾರದಿದ್ದರೆ ಎರಡನೆಯ ಸರ್ವೊವಿನ ನಡುಬಿಂದುವನ್ನು ಗಣಕಯಂತ್ರದಲ್ಲಿ ತಿದ್ದಿ ಮತ್ತೆ ನೋಡಿರಿ. ತರುವಾಯ ಕೋಲನ್ನು ಒಂದು ಕೊನೆಗೊಯ್ದು ಅದೇ ಪರೀಕ್ಷೆ, ಅನಂತರ ಇನ್ನೊಂದು ಕೊನೆಗೆ. ಎರಡು ಕೊನೆಗಳೂ ನಡುವೂ ಕೂಡಿದರೂ ಅರ್ಧದಾರಿಯಲ್ಲಿ ಕೂಡದಿರುವುದುಂಟು. ಅದು ಪಾಠದ ದೋಷವಲ್ಲ. ತೋಳುಗಳ ಉದ್ದವೋ ಕೋನವೋ ಬೇರೆಯಾಗಿದೆಯೆಂದು ತಿಳಿದು ಮತ್ತೆ ಕೈಕೆಲಸಕ್ಕೆ ಬರಬೇಕು.

ಕೊನೆಗೆ ಆಮ್ಮೀಟರಿನ ಸಾಕ್ಷ್ಯ. ಕಡ್ಡಿ ಬಿಡಿಸಿದ್ದಾಗ ಎರಡೂ ಸರ್ವೊಗಳು ಸೇರಿ ಎಷ್ಟು ವಿದ್ಯುತ್ತನ್ನು ಎಳೆದವೆಂದು ಬರೆದುಕೊಂಡು, ಜೋಡಿಸಿದ ಮೇಲೆ ಮತ್ತೆ ನೋಡಿರಿ. ಸುಮ್ಮನೆ ನಿಂತಿರುವಾಗ ಅಂಕಿ ಗಣನೀಯವಾಗಿ ಏರಿದರೆ ಅವು ಇನ್ನೂ ಜಗಳವಾಡುತ್ತಿವೆ. ಎರಡು ತಂತಿಗಳನ್ನು ಒಂದು ಶ್ರುತಿಗೆ ತರುವ ವೀಣೆಯ ವಿದ್ಯಾರ್ಥಿನಿಗೆ ಈ ತಾಳ್ಮೆಯನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ.

ಫೇಲ್‌ಸೇಫ್ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಹರಡಿದೆ. ಅಪ್ಪಣೆ ನಿಂತುಹೋದರೆ ಇದ್ದಲ್ಲಿಯೇ ನಿಲ್ಲು, ಅಥವಾ ಇಂಥ ಸ್ಥಾನಕ್ಕೆ ಹೋಗು ಎಂದು ಸರ್ವೊವಿಗೆ ಹೇಳಿಡಬಹುದು. ಆದರೆ 2.4 ಗಿಗಾಹರ್ಟ್ಸ್ ಪದ್ಧತಿಯ ಅನೇಕ ರಿಸೀವರುಗಳು ರೇಡಿಯೊ ಸಂಬಂಧ ಕಡಿದಾಗಲೂ ತಮ್ಮಲ್ಲಿ ಮೊದಲೇ ಬರೆದಿಟ್ಟ ಸ್ಪಂದಗಳನ್ನು ಕಳುಹಿಸುತ್ತಲೇ ಇರುತ್ತವೆ. ಆಗ ಸರ್ವೊವಿನ ಲೆಕ್ಕದಲ್ಲಿ ಅಪ್ಪಣೆ ನಿಂತಿಲ್ಲ. ಆದುದರಿಂದ ರಿಸೀವರಿನ ಫೇಲ್‌ಸೇಫನ್ನು ಮೊದಲು ಸರಿಪಡಿಸತಕ್ಕದ್ದು; ಎಂಜಿನು ಅಥವಾ ಮೋಟಾರು ನಿಲ್ಲುವಂತೆ ಇರಬೇಕು. ಪ್ರೊಪೆಲ್ಲರನ್ನು ತೆಗೆದಿಟ್ಟು, ವಿಮಾನವನ್ನು ಭದ್ರವಾಗಿ ಹಿಡಿಸಿ, ಟ್ರಾನ್ಸ್‌ಮಿಟರನ್ನು ಆರಿಸಿ ನೋಡುವುದೇ ಪರೀಕ್ಷೆ.

ಪಾಠ ಹೇಳಲು ಕುಳಿತಾಗ ಸರ್ವೊ ಒಂದೇ ಇರಲಿ, ಕಡ್ಡಿ ಬಿಡಿಸಿರಲಿ. ವೋಲ್ಟೇಜನ್ನು ಅದರ ಚೀಟಿಯಲ್ಲಿ ಓದಿಕೊಳ್ಳಿರಿ; 6 ವೋಲ್ಟಿನ ಸರ್ವೊವಿಗೆ ಪೂರ್ತಿ ತುಂಬಿದ ಎರಡು ಕೋಶದ ಲಿಥಿಯಂ-ಪಾಲಿಮರ್ ಬ್ಯಾಟರಿಯ 8.4 ವೋಲ್ಟನ್ನು ಕೊಟ್ಟರೆ ಪಾಠಕ್ಕೆ ಶಿಷ್ಯನೇ ಉಳಿಯದಿರಬಹುದು. ಈಗಿರುವ ಪಾಠವನ್ನು ಮೊದಲು ಓದಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಉಳಿಸಿ, ತಂತಿ ಕಳಚಿ, ಮತ್ತೆ ಜೋಡಿಸಿ, ಹೇಳಿದ್ದು ನಿಂತಿದೆಯೇ ಎಂದು ನೋಡಬೇಕು. ಸರ್ವೊವಿನ ಮೈಮೇಲೆ ಸಣ್ಣ ಚೀಟಿ ಅಂಟಿಸಿ ‘ಬಲ ಫ್ಲಾಪ್, ದಿಕ್ಕು ಬದಲು’ ಎಂದು ಬರೆದಿಡುವ ಹುಡುಗಿ ಎರಡು ವರ್ಷಗಳ ನಂತರ ತನಗೆ ತಾನೇ ಉಪಕಾರ ಮಾಡಿಕೊಂಡಂತೆ.

ಚೆನ್ನಾಗಿ ಸಿದ್ಧಪಡಿಸಿದ ಸರ್ವೊ ಎಷ್ಟು ದುಡಿಯಬಲ್ಲುದೆಂಬುದಕ್ಕೆ ಒಂದು ದೃಷ್ಟಾಂತ. 2003ನೆಯ ಆಗಸ್ಟ್ 9ರಂದು ಕೆನಡಾದ ನ್ಯೂಫೌಂಡ್‌ಲೆಂಡಿನಿಂದ ಮೇನಾರ್ಡ್ ಹಿಲ್ ಎಂಬುವರ ತಂಡ ಹಾರಿಸಿದ, 5 ಕಿಲೋಗ್ರಾಂ ಮೀರದ ಟಿಎಎಂ-5 ಎಂಬ ಮಾದರಿ ಅಟ್ಲಾಂಟಿಕ್ ಸಾಗರವನ್ನು ದಾಟಿ 11ರಂದು ಐರ್ಲೆಂಡಿನಲ್ಲಿ ಇಳಿಯಿತು. ತೆಗೆದುಕೊಂಡ ಕಾಲ 38 ಗಂಟೆ 52 ನಿಮಿಷ. ಹೊರಟಾಗಲೂ ಇಳಿಯುವಾಗಲೂ ಮನುಷ್ಯರ ಕೈ. ನಡುವಿನ ಸಾಗರದ ಮೇಲೆ ಅಪ್ಪಣೆ ಕೊಟ್ಟುದು ಅದರೊಳಗಿನ ಸ್ವಯಂಚಾಲಕ. ಸೆಕೆಂಡಿಗೆ 50 ಎಂದು ಹಿಡಿದರೆ ಒಂದೊಂದು ಸರ್ವೊವಿಗೂ ಸುಮಾರು 70 ಲಕ್ಷ ಅಪ್ಪಣೆಗಳು. ಹಿಲ್ ಅವರಿಗೆ ಆಗ 77 ವರ್ಷ; ಕಣ್ಣು ಬಹುಮಟ್ಟಿಗೆ ಕಾಣುತ್ತಿರಲಿಲ್ಲ.

ತಾಯಿತಂದೆಗಳ ಪ್ರಶ್ನೆಗೆ ಬರೋಣ. ಮಗಳು ಮೊದಲ ವಿಮಾನವನ್ನು ಕಟ್ಟುತ್ತಿದ್ದರೆ ಸಾಧಾರಣ ಸರ್ವೊಗಳೇ ಸಾಕು. ಮಿಕ್ಕ ಹಣದಲ್ಲಿ ಒಳ್ಳೆಯ ಬ್ಯಾಟರಿಯನ್ನೂ ಒಂದು ಆಮ್ಮೀಟರನ್ನೂ ಕೊಡಿಸಿರಿ. ತೋಳನ್ನು ಲಂಬವಾಗಿ ಕೂರಿಸುವುದನ್ನು ಅವಳು ಕಲಿತ ಮೇಲೆ ಪಾಠ ಹೇಳತಕ್ಕ ಸರ್ವೊ ಕೊಡಿಸಬಹುದು. ಹಾರಿಸುವ ಸ್ಥಳದ ವಿಚಾರವೂ ನಿಮ್ಮದೇ. ಭಾರತ ಸರ್ಕಾರ 2021ರ ಆಗಸ್ಟಿನಲ್ಲಿ ಹೊರಡಿಸಿದ ಡ್ರೋನ್ ನಿಯಮಗಳು, ವಿದ್ಯಾಭ್ಯಾಸಕ್ಕೂ ವಿನೋದಕ್ಕೂ ಕಣ್ಣಿಗೆ ಕಾಣುವಷ್ಟು ದೂರದಲ್ಲಿಯೇ ಹಾರಿಸುವ 25 ಕಿಲೋಗ್ರಾಂ ಮೀರದ ಮಾದರಿಗಳನ್ನು ಪ್ರತ್ಯೇಕವಾಗಿ ಹೆಸರಿಸಿ, ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಿದವು. ನಿಮ್ಮ ಮೈದಾನ ಯಾವ ವಲಯದಲ್ಲಿದೆಯೆಂದು ತಿಳಿದೇ ಹೊರಡಿರಿ.

ಮೈದಾನದಲ್ಲಿ ಮೊದಲು ಟ್ರಾನ್ಸ್‌ಮಿಟರ್, ಅನಂತರ ವಿಮಾನ. ಆರಿಸುವಾಗ ಮೊದಲು ವಿಮಾನ, ಅನಂತರ ಟ್ರಾನ್ಸ್‌ಮಿಟರ್. ವಿಮಾನದ ಬಾಲದ ಹಿಂದೆ ನಿಂತು ಕೋಲನ್ನು ಬಲಕ್ಕೆ ಸರಿಸಿದರೆ ಬಲಗಡೆಯ ಏಲೆರಾನು ಮೇಲಕ್ಕೇಳಬೇಕು, ಎಡಗಡೆಯದು ಇಳಿಯಬೇಕು. ಕೋಲನ್ನು ತನ್ನ ಕಡೆಗೆ ಎಳೆದುಕೊಂಡರೆ ಎಲಿವೇಟರು ಮೇಲಕ್ಕೇಳಬೇಕು. ಹಿಂದಿನ ರಾತ್ರಿ ಯಾವುದೇ ಸರ್ವೊವಿಗೆ ಹೊಸ ಪಾಠ ಹೇಳಿದ್ದರೆ ಈ ಪರೀಕ್ಷೆಯನ್ನು ಹಾರಿಸುವಾಕೆ ಒಮ್ಮೆ, ಅವಳ ಗೆಳತಿ ಒಮ್ಮೆ, ಬಾಯಿಬಿಟ್ಟು ಹೇಳುತ್ತ ಮಾಡತಕ್ಕದ್ದು.